ಗೇರ್‌ಬಾಕ್ಸ್ ಸೋರಿಕೆಗೆ ವೈಟನ್ ಸೀಲ್, ರಿಪೇರಿ ಸ್ಲೀವ್: ಮೂರು ವರ್ಷ, 38,000 ಕಿ.ಮೀ. ಆದ ಮೇಲೆ

ನನ್ನ ಕಾರಿಗೆ ಈಗ 18 ವರ್ಷ. ಐದು ಗೇರ್‌ನ ಮ್ಯಾನ್ಯುಯಲ್, ಮುಂದಿನ ಚಕ್ರಗಳೇ ಎಳೆಯುವ ಗಾಡಿ. ಇದರ ಗೇರ್‌ಬಾಕ್ಸ್‌ನಿಂದ ಎಣ್ಣೆ ಸೋರುತ್ತಿತ್ತು. ಗ್ಯಾರೇಜ್‌ನಲ್ಲಿ ಒಂದು ಸಲ ಸೀಲ್ ಬದಲಾಯಿಸಿದ್ದೂ ಆಯಿತು. ನಾಲ್ಕೇ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಕಲೆ. ಕೊನೆಗೆ ಸೋರಿಕೆ ನಿಂತಿದ್ದು ಎರಡು ಸಾಮಾನಿನಿಂದ. ಒಂದು ವೈಟನ್ ಆಯಿಲ್ ಸೀಲ್, ಅಂದರೆ ಶಾಫ್ಟ್ ಸುತ್ತ ಎಣ್ಣೆ ಹೊರಬರದಂತೆ ತಡೆಯುವ, ಶಾಖ ತಡೆಯುವ ರಬ್ಬರಿನ ಬಳೆ. ಇನ್ನೊಂದು ಶಾಫ್ಟ್ ಮೇಲೆ ಕೂರಿಸುವ ತೆಳ್ಳನೆಯ ಸ್ಟೀಲ್ ಬಳೆ, ಅಂದರೆ ರಿಪೇರಿ ಸ್ಲೀವ್. ಇವೆರಡರ ಬಗ್ಗೆ ಮೂರು ವರ್ಷದ ಅನುಭವ ಬರೆಯುತ್ತಿದ್ದೇನೆ. ಆದರೆ ಇವನ್ನು ಕೊಳ್ಳುವ ಮೊದಲು ಸೋರಿಕೆ ಎಲ್ಲಿಂದ ಅಂತ ಗೊತ್ತಾಗಬೇಕು ಅಲ್ವಾ? ಹಾಗಾಗಿ ಆ ಕಥೆಯೇ ಜಾಸ್ತಿ ಇದೆ.

ಮೊದಲು ಅದು ಯಾವ ಎಣ್ಣೆ ಅಂತ ನೋಡಿದೆ. ಬಿಳಿ ರಟ್ಟಿನ ಮೇಲೆ ಒಂದು ರಾತ್ರಿ ಬೀಳಲು ಬಿಟ್ಟೆ. ಎಂಜಿನ್ ಆಯಿಲ್ ಓಡಿ ಓಡಿ ಕಪ್ಪಾಗಿರುತ್ತದೆ. ಕೂಲೆಂಟ್ ನೀರಿನಂತೆ ತೆಳುವಾಗಿರುತ್ತದೆ, ಸ್ವಲ್ಪ ಸಿಹಿ ವಾಸನೆ. ಗೇರ್ ಆಯಿಲ್ ದಪ್ಪ, ಜೇನಿನ ಬಣ್ಣದಿಂದ ಕಂದು ಬಣ್ಣದವರೆಗೆ ಇರುತ್ತದೆ. ಮೂಗಿಗೆ ಗಂಧಕದ ಕೆಟ್ಟ ವಾಸನೆ ಹೊಡೆಯುತ್ತದೆ. ಗೇರ್‌ಗಳ ಹಲ್ಲು ಸವೆಯದಿರಲಿ ಅಂತ ಅದರಲ್ಲಿ ಗಂಧಕದ ಅಂಶ ಸೇರಿಸಿರುತ್ತಾರೆ. ಒಂದು ಸಲ ಆ ವಾಸನೆ ನೋಡಿದರೆ ಮರೆಯುವುದಿಲ್ಲ. ನನ್ನದು ಗೇರ್ ಆಯಿಲ್ಲೇ.

ಆಮೇಲೆ ಇಡೀ ಗೇರ್‌ಬಾಕ್ಸ್ ತೊಳೆದೆ. ಈ ಕೆಲಸ ಬಿಟ್ಟರೆ ಉಳಿದದ್ದೆಲ್ಲ ಬರೀ ಊಹೆ. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಹನಿ ಬೀಳುವ ಜಾಗ ಒಂದು, ಸೋರುವ ಜಾಗ ಇನ್ನೊಂದು. ಬ್ರೇಕ್ ಕ್ಲೀನರ್‌ನಲ್ಲಿ ಜಿಡ್ಡು ತೆಗೆದು, ಒಣಗಿಸಿ, ಮೇಲೆ ಟಾಲ್ಕಂ ಪೌಡರ್ ಉದುರಿಸಿದೆ. 20 ಕಿ.ಮೀ. ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿದೆ. ಪೌಡರ್ ಒದ್ದೆಯಾದ ಗೆರೆ ಎದ್ದು ಕಾಣುತ್ತಿತ್ತು. ಆ ಗೆರೆಯ ತುದಿ ಮೇಲಕ್ಕೆ, ಮುಂದಕ್ಕೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲೇ ಮೂಲ. ನನ್ನ ಗಾಡಿಯಲ್ಲಿ ಅದು ಬಲಗಡೆ ಡ್ರೈವ್‌ಶಾಫ್ಟ್ (ಚಕ್ರವನ್ನು ತಿರುಗಿಸುವ ಕಂಬಿ) ಗೇರ್‌ಬಾಕ್ಸ್ ಒಳಗೆ ಹೋಗುವ ಜಾಗದ ಸೀಲ್. ಎಣ್ಣೆ ಬೆಲ್ ಹೌಸಿಂಗ್‌ನ (ಎಂಜಿನ್, ಗೇರ್‌ಬಾಕ್ಸ್ ಸೇರುವ ಕಡೆ ಕ್ಲಚ್ ಮುಚ್ಚಿರುವ ಭಾಗ) ಕೆಳಗಿನಿಂದ ಬರುತ್ತಿದ್ದರೆ ಕಥೆಯೇ ಬೇರೆ. ಆಗ ಇನ್‌ಪುಟ್ ಶಾಫ್ಟ್ ಸೀಲ್ ಇರಬಹುದು, ಇಲ್ಲವೇ ಎಂಜಿನ್ನಿನ ಹಿಂದಿನ ಕ್ರ್ಯಾಂಕ್ ಸೀಲ್. ಎರಡಕ್ಕೂ ಗೇರ್‌ಬಾಕ್ಸ್ ಇಳಿಸಲೇಬೇಕು.

ಬಲಗಡೆ ಸೀಲ್ ಆಗಲೇ ಹೊಸದಿತ್ತು. ಹಾಗಿದ್ದೂ ಯಾಕೆ ಸೋರಿತು? ಇದೇ ಪ್ರಶ್ನೆ ನನ್ನನ್ನು ತುಂಬಾ ಕಾಡಿತು. ಉತ್ತರ ಎರಡು ಕಡೆ ಸಿಕ್ಕಿತು.

ಮೊದಲನೆಯದು ಬ್ರೀದರ್. ಗೇರ್‌ಬಾಕ್ಸ್ ಮೇಲೆ ಒಂದು ಪುಟ್ಟ ಟೋಪಿ ಇರುತ್ತದೆ. ಒಳಗೆ ಬಿಸಿಯಾಗಿ ಹಿಗ್ಗಿದ ಗಾಳಿ ಅದರಿಂದ ಹೊರಗೆ ಹೋಗಬೇಕು. ನನ್ನದರಲ್ಲಿ ಮಣ್ಣು, ಜಿಡ್ಡು ಸೇರಿ ಗಟ್ಟಿಯಾಗಿ ಮುಚ್ಚಿಹೋಗಿತ್ತು. ಗಾಳಿಗೆ ದಾರಿ ಇಲ್ಲದಿದ್ದರೆ ಒಳಗಿನ ಒತ್ತಡ ಎಣ್ಣೆಯನ್ನು ಸೀಲ್ ಕಡೆಯಿಂದ ಹೊರಗೆ ತಳ್ಳುತ್ತದೆ. ಬಿಚ್ಚಿ ತೊಳೆದೆ, ಹತ್ತೇ ನಿಮಿಷದ ಕೆಲಸ. ಸೋರಿಕೆ ಅರ್ಧಕ್ಕರ್ಧ ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ.

ಎರಡನೆಯದು ಶಾಫ್ಟ್. ಹೊರಗೆ ಎಳೆದು, ಸೀಲ್ ಉಜ್ಜುವ ನುಣುಪಾದ ಜಾಗದ ಮೇಲೆ ಉಗುರು ಆಡಿಸಿದೆ. ಉಗುರು ಸಿಕ್ಕಿಹಾಕಿಕೊಂಡಿತು! ಸುತ್ತಲೂ ಒಂದು ಸಣ್ಣ ಕಾಲುವೆಯೇ ಬಿದ್ದಿತ್ತು. ಹೊಸ ಸೀಲ್‌ನ ತುಟಿ, ಅಂದರೆ ಶಾಫ್ಟ್‌ಗೆ ಒತ್ತಿಕೊಳ್ಳುವ ಒಳ ಅಂಚು, ಆ ಕಾಲುವೆಯ ಮೇಲೇ ಕೂತಿತ್ತು. ರಬ್ಬರ್ ಎಷ್ಟೇ ಹೊಸದಿದ್ದರೂ ಅಲ್ಲಿ ಎಣ್ಣೆ ಹಿಡಿಯುವುದಿಲ್ಲ. ಮೊದಲ ಸಲ ಕೆಲಸ ಮಾಡಿದ ಗ್ಯಾರೇಜ್‌ನವರು ಇದನ್ನು ನೋಡಿದ್ದರೆ ನನಗೆ ಎರಡು ಸಲ ಬಿಚ್ಚುವುದು ತಪ್ಪುತ್ತಿತ್ತು. ಈ ಬೇಸರ ಇವತ್ತಿಗೂ ಇದೆ.

ಇಲ್ಲಿ ಕೆಲಸಕ್ಕೆ ಬಂದಿದ್ದು ಸ್ಲೀವ್. ಅದು ಕಾಲುವೆಯನ್ನು ಮುಚ್ಚಿ, ಸೀಲ್ ಉಜ್ಜಲು ಹೊಸ ನುಣುಪಾದ ಮೈ ಕೊಡುತ್ತದೆ. ಅದರ ಗೋಡೆ ಕಾಲು ಮಿಲಿಮೀಟರ್‌ಗಿಂತ ಸ್ವಲ್ಪವೇ ದಪ್ಪ. ಹಾಗಾಗಿ ಮೊದಲಿದ್ದ ಅಳತೆಯ ಸೀಲೇ ಸಾಕು. ಸೀಲ್ ಮೇಲೆ ಮೂರು ಸಂಖ್ಯೆ ಒತ್ತಿರುತ್ತಾರೆ. 35-50-8 ಅಂತಿದ್ದರೆ ಶಾಫ್ಟ್ 35 ಮಿ.ಮೀ., ಹೊರ ಅಳತೆ 50, ದಪ್ಪ 8. ಸ್ಲೀವ್ ತರುವಾಗ ಶಾಫ್ಟ್‌ನ ಸವೆಯದ ಭಾಗವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ.

ಸ್ಲೀವ್ ಜೊತೆಗೇ ಬರುವ ಬಟ್ಟಲನ್ನು ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೂರಿಸಬೇಕು. ಇದು ಕಷ್ಟದ ಕೆಲಸ. ನನ್ನ ಮೊದಲ ಸ್ಲೀವ್ ಒಂದು ಬದಿಗೆ ವಾಲಿ ಅಂಚು ಮಡಚಿತು. ಮಡಚಿದ ಮೇಲೆ ಅದು ಮುಗಿದಂತೆಯೇ, ಇನ್ನೊಂದು ತರಬೇಕಾಯಿತು. ಈ ಸಾಮಾನಿನ ಮೇಲೆ ನನ್ನ ದೊಡ್ಡ ದೂರು ಇದೇ. ಎರಡನೆಯದಕ್ಕೆ ಶಾಫ್ಟನ್ನು ವೈಸ್‌ನಲ್ಲಿ ನೆಟ್ಟಗೆ ಹಿಡಿಸಿ ಮುಕ್ಕಾಲು ಗಂಟೆ ನಿಧಾನವಾಗಿ ತಟ್ಟಿದೆ. ಸರಿಯಾಗಿ ಕೂತಿತು.

ಸೀಲ್‌ಗೆ ವೈಟನ್ ಆರಿಸಿದ್ದಕ್ಕೆ ಕಾರಣ ಶಾಖ. ಸಾಮಾನ್ಯ ನೈಟ್ರೈಲ್ ರಬ್ಬರ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನವರೆಗೆ ಚೆನ್ನಾಗಿರುತ್ತದೆ. ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ. ವೈಟನ್ 200ರ ಹತ್ತಿರದವರೆಗೂ ತಡೆಯುತ್ತದೆ. ನಿಜ ಹೇಳಬೇಕೆಂದರೆ ಡ್ರೈವ್‌ಶಾಫ್ಟ್ ಹತ್ತಿರ ಅಷ್ಟು ಬಿಸಿ ಇರುವುದಿಲ್ಲ, ಒಳ್ಳೆಯ ನೈಟ್ರೈಲ್ ಸೀಲ್ ಕೂಡ ಸಾಕಾಗುತ್ತಿತ್ತು. ಸೀಲ್ ಕೂರಿಸುವಾಗ ಸ್ಪ್ರಿಂಗ್ ಇರುವ ಬದಿ ಎಣ್ಣೆಯ ಕಡೆಗಿರಬೇಕು. ತುಟಿಗೆ ಎಣ್ಣೆ ಸವರಿ, ಶಾಫ್ಟ್‌ನ ತುದಿಯ ಹಲ್ಲುಗಳು ತುಟಿಗೆ ತಗಲದಂತೆ ನೆಟ್ಟಗೆ, ನಿಧಾನವಾಗಿ ಒಳಗೆ ಬಿಡಿ. ತಗಲಿದರೆ ಆ ಹಲ್ಲುಗಳೇ ಹೊಸ ತುಟಿಯನ್ನು ಕುಯ್ಯಬಹುದು.

ಮನೆಯಲ್ಲೇ ಮಾಡುವವರಿಗೆ ಇನ್ನೊಂದೆರಡು ಮಾತು. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ದಯವಿಟ್ಟು ಹೋಗಬೇಡಿ, ಸ್ಟ್ಯಾಂಡ್ ಇಡಿ. ಎಣ್ಣೆ ಇಳಿಸುವ ಮೊದಲು ತುಂಬುವ ಬೋಲ್ಟ್ ಬಿಚ್ಚಿ ನೋಡಿ. ಇಳಿಸಿದ ಮೇಲೆ ಅದು ಬಿಚ್ಚದೆ ಹೋದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಎರಡೂ ಡ್ರೈವ್‌ಶಾಫ್ಟ್ ಒಟ್ಟಿಗೆ ಎಳೆದರೆ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಭಾಗ) ಒಳಗಿನ ಗೇರ್‌ಗಳು ಜಾಗ ತಪ್ಪುತ್ತವೆ. ಒಂದೊಂದೇ ಬದಿ ಮಾಡಿ. ಡ್ರೈನ್ ಬೋಲ್ಟ್‌ನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಹೆದರಬೇಡಿ. ಚೂರುಗಳು ಸಿಕ್ಕರೆ ಮಾತ್ರ ಒಳಗೆ ಏನೋ ಮುರಿದಿದೆ.

ಹೊಸ ಎಣ್ಣೆ ಕಾರಿನ ಕೈಪಿಡಿಯಲ್ಲಿ ಹೇಳಿದ್ದೇ ಇರಲಿ. ನನ್ನದಕ್ಕೆ 75ಡಬ್ಲ್ಯು-90 (ಎಣ್ಣೆಯ ದಪ್ಪದ ಅಳತೆ), ಜಿಎಲ್-4 (ಎಣ್ಣೆಯ ದರ್ಜೆ). ಜಿಎಲ್-5 ಇನ್ನೂ ಮೇಲಿನದು ಅಂತ ಸುಮ್ನೆ ಹಾಕಬೇಡಿ. ಅದರಲ್ಲಿನ ಜಾಸ್ತಿ ಗಂಧಕದ ಅಂಶ ಹಳೆಯ ಗೇರ್‌ಬಾಕ್ಸ್‌ಗಳ ಹಿತ್ತಾಳೆ ಸಿಂಕ್ರೊ ರಿಂಗ್‌ಗಳನ್ನು (ಗೇರ್ ಸಲೀಸಾಗಿ ಬೀಳಲು ನೆರವಾಗುವ ಬಳೆಗಳು) ತಿನ್ನಬಹುದು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ತುಂಬುವ ತೂತಿನ ಕೆಳ ಅಂಚಿಗೆ ಎಣ್ಣೆ ಬರುವವರೆಗೆ ತುಂಬಿದೆ.

ಈಗ ಮೂರು ವರ್ಷದ ಲೆಕ್ಕ. ಮೊದಲ 1,000 ಕಿ.ಮೀ. ಆದಾಗ ರಟ್ಟು ಇಟ್ಟು ನೋಡಿದೆ, ಒಣ. 15,000ಕ್ಕೂ ಒಣ. 26,000 ಆದಾಗ ಒಂದು ಹನಿ ಕಂಡು ಎದೆ ಧಸಕ್ಕೆಂದಿತು. ತೊಳೆದು ಪೌಡರ್ ಹಾಕಿ ನೋಡಿದರೆ ಅದು ಡ್ರೈನ್ ಬೋಲ್ಟ್‌ನಿಂದ ಬರುತ್ತಿತ್ತು. ಸೀಲ್ ಹಾಕಿದ ದಿನ ಆ ಬೋಲ್ಟ್‌ಗೆ ಹಳೆಯ ವಾಷರ್‌ನ್ನೇ ಮತ್ತೆ ಹಾಕಿದ್ದೆ. ಹೊಸ ತಾಮ್ರದ ವಾಷರ್ ಹಾಕಿದ ಮೇಲೆ ನಿಂತಿತು. ಸ್ಲೀವ್ ಮತ್ತು ಸೀಲ್ ಹಾಕಿದ ಬಲಗಡೆಯಿಂದ ಇವತ್ತಿನವರೆಗೆ ಒಂದು ಹನಿಯೂ ಬಂದಿಲ್ಲ. ಬ್ರೀದರ್ ಪ್ರತಿ ವರ್ಷ ತೊಳೆಯುತ್ತಿದ್ದೇನೆ.

ಸ್ಲೀವ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಕೂರಿಸುವ ಕಷ್ಟಕ್ಕೆ ಒಂದು ಕಡಿಮೆ. ಸೀಲ್‌ಗೆ ಐದು. ಕಳೆದ ತಿಂಗಳಿನಿಂದ ಎಡಗಡೆ ಸೀಲ್ ಸುತ್ತ ಸ್ವಲ್ಪ ಪಸೆ ಕಾಣುತ್ತಿದೆ. ಅದು ಮೊದಲಿನಿಂದ ಇರುವ ಸೀಲ್. ಹೊಸ ಸೀಲ್, ಸ್ಲೀವ್, ಎರಡು ತಾಮ್ರದ ವಾಷರ್ ತಂದಿಟ್ಟಿದ್ದೇನೆ. ಶಾಫ್ಟ್ ಎಳೆದು ಉಗುರು ಆಡಿಸಿ ನೋಡಿದ ಮೇಲೆ ಸ್ಲೀವ್ ಬೇಕೋ ಬೇಡವೋ ಗೊತ್ತಾಗುತ್ತದೆ.