ಮನೆಬಾಗಿಲಿನ ಬೈಕ್ ರಿಪೇರಿ: ಗಂಟೆ ಲೆಕ್ಕವೋ, ಕೆಲಸಕ್ಕಿಷ್ಟು ಎಂಬ ದರವೋ?

ಯಾವ ಪದ್ಧತಿ ಹಿಡಿದರೂ ಮೊದಲು ನಿಮ್ಮ ಒಂದು ಗಂಟೆ ಎಷ್ಟಕ್ಕೆ ಬೀಳುತ್ತದೆ ಎಂದು ಲೆಕ್ಕ ಹಾಕಿ. ಪೆಟ್ರೋಲ್, ಟೂಲ್ಸ್ ಸವೆತ, ಫೋನ್, ನಿಮ್ಮ ಸಂಬಳ ಸೇರಿ ತಿಂಗಳಿಗೆ 40,000 ರೂಪಾಯಿ ಬೇಕು ಎನ್ನಿ. ದಿನಕ್ಕೆ ಹತ್ತು ಗಂಟೆ ದುಡಿದರೂ ಸ್ಪ್ಯಾನರ್ ಕೈಯಲ್ಲಿರುವುದು ಐದೇ ಗಂಟೆ. ಉಳಿದದ್ದು ಬೆಂಗಳೂರಿನ ಟ್ರಾಫಿಕ್‌ಗೆ, ಸ್ಪೇರ್ಸ್ ಅಂಗಡಿಗೆ. 25 ದಿನಕ್ಕೆ 125 ಗಂಟೆ, ಅಂದರೆ ಗಂಟೆಗೆ 320 ರೂಪಾಯಿ. ಹತ್ತು ಗಂಟೆಯಿಂದ ಭಾಗಿಸಿದವರು ಅರ್ಧ ದರಕ್ಕೆ ದುಡಿಯುತ್ತಾರೆ.

ಆಯಿಲ್ ಬದಲಾವಣೆ, ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್‌ನಂಥ ಕೆಲಸಕ್ಕೆ ನಿಗದಿತ ದರ ಒಳ್ಳೆಯದು. ಗಿರಾಕಿಗೆ ಮೊದಲೇ ಗೊತ್ತು, ಚೌಕಾಸಿ ಕಡಿಮೆ, ಕೈ ಚುರುಕಾದಷ್ಟೂ ಲಾಭ ನಿಮಗೆ. ಅಪಾಯ ತುಕ್ಕು ಹಿಡಿದ, ಸವೆದ ಬೋಲ್ಟ್‌ಗಳದು: ಸೈಲೆನ್ಸರ್ ಹಿಡಿದಿಡುವ ಸ್ಟಡ್ ಮುರಿದರೆ, ಆಯಿಲ್ ಇಳಿಸುವ ಡ್ರೈನ್ ಬೋಲ್ಟ್‌ನ ಥ್ರೆಡ್ ಹೋಗಿದ್ದರೆ ಅರ್ಧ ದಿನ ಅಲ್ಲೇ. ಅದಕ್ಕೆ ಬೇರೆ ಲೆಕ್ಕ ಎಂದು ಸ್ಪ್ಯಾನರ್ ಹಾಕುವ ಮುನ್ನವೇ ವಾಟ್ಸಾಪ್‌ನಲ್ಲಿ ಕಳಿಸಿಬಿಡಿ.

ಸ್ಟಾರ್ಟಿಂಗ್ ಟ್ರಬಲ್, ವೈರಿಂಗ್ ದೋಷಕ್ಕೆ ಮಾತ್ರ ಗಂಟೆ ಲೆಕ್ಕವೇ ಸರಿ. ಹೊರಗಿನ ಹಾರ್ನ್, ಲೈಟ್ ಹಾಕಿಸಿದ ಗಾಡಿಯಲ್ಲಿ ಶಾರ್ಟ್ ಸರ್ಕ್ಯೂಟ್ ಎಲ್ಲಿದೆಯೋ ಹುಡುಕುವುದೇ ಕೆಲಸ. ಮೊದಲ ಅರ್ಧ ಗಂಟೆಗೆ ತಪಾಸಣೆ ಶುಲ್ಕ. ಆಮೇಲೆ ಗಿರಾಕಿಯನ್ನು ಕೇಳಿ ಮುಂದುವರಿಯಿರಿ.

ವಿಸಿಟಿಂಗ್ ಚಾರ್ಜ್ ಎರಡಕ್ಕೂ ಸೇರುತ್ತದೆ. ಐದು ಕಿಲೋಮೀಟರ್ ಒಳಗೆ ಅದನ್ನು ದರದಲ್ಲೇ ಅಡಗಿಸಬಹುದು, ದೂರವಾದರೆ ಪ್ರತ್ಯೇಕ ಹೇಳಿ. ಒಂದೇ ಅಪಾರ್ಟ್‌ಮೆಂಟ್‌ನಲ್ಲಿ ನಾಲ್ಕು ಗಾಡಿ ಸಿಕ್ಕರೆ ಆ ಚಾರ್ಜ್ ಬಿಟ್ಟುಬಿಡಿ.