ಗೊತ್ತಿಲ್ಲದ ವೆಬ್ ವಿಳಾಸ ಎಲ್ಲಿಂದ ಬಂತು? ನಾನು ಪ್ರಯತ್ನಿಸಿದ ಐದು ದಾರಿಗಳು

ಕಳೆದ ತಿಂಗಳು ನನ್ನ ಫೋನಿಗೆ ಒಂದು ಮೆಸೇಜ್ ಬಂತು. ಪಾರ್ಸೆಲ್ ತಲುಪಿಸೋಕೆ ಆಗಲಿಲ್ಲ, ವಿಳಾಸ ಸರಿಪಡಿಸಿ ಅಂತ. ಕೆಳಗೊಂದು ಲಿಂಕ್. ನಾನು ಯಾವ ಪಾರ್ಸೆಲ್ಲನ್ನೂ ತರಿಸಿರಲಿಲ್ಲ. ಲಿಂಕ್ ಒತ್ತದೆ, ಬರೀ ವಿಳಾಸವನ್ನು ನಕಲು ಮಾಡಿಕೊಂಡು ಮೂಲ ಹುಡುಕಲು ಕೂತೆ. ಜೊತೆಗೆ, ನಾನೇ ವರ್ಷಗಳಿಂದ ನಡೆಸುತ್ತಿರುವ ಒಂದು ಸಣ್ಣ ಸೈಟನ್ನೂ ಅದೇ ಪರೀಕ್ಷೆಗೆ ಒಡ್ಡಿದೆ. ಸರಿಯಾದ ಉತ್ತರ ಮೊದಲೇ ಗೊತ್ತಿದ್ದರೆ ತಾನೇ ಯಾವ ದಾರಿಯನ್ನು ನಂಬಬಹುದು ಅಂತ ತಿಳಿಯೋದು?

ಮೊದಲು ವಿಳಾಸವನ್ನೇ ಓದಿದೆ. 'ಎಚ್‌ಟಿಟಿಪಿಎಸ್' ಆದಮೇಲೆ ಬರುವ ಮೊದಲ ಒಂಟಿ ಸ್ಲ್ಯಾಶ್ ಹುಡುಕಿ, ಅಲ್ಲಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಓದಬೇಕು. ಹಣ ಕೊಟ್ಟು ಪಡೆದ ನಿಜವಾದ ಹೆಸರು ಬಲತುದಿಯಲ್ಲಿರುತ್ತದೆ. ಅದರ ಎಡಕ್ಕೆ ಹೆಸರಿನ ಮಾಲೀಕ ಏನು ಬೇಕಾದರೂ ಸೇರಿಸಬಹುದು. ನನಗೆ ಬಂದಿದ್ದರಲ್ಲಿ ಕೊರಿಯರ್ ಹೆಸರು ಇದ್ದಿದ್ದು ಎಡದಲ್ಲೇ. ಕೊನೆಯ ಅಕ್ಷರಗಳಿಂದ ದೇಶ ತಿಳಿಯುತ್ತದೆ ಅನ್ನೋದನ್ನು ಜಾಸ್ತಿ ನಂಬಬೇಡಿ. ಡಾಟ್ ಟಿವಿ ಟುವಾಲು ದೇಶದ್ದು, ಡಾಟ್ ಎಐ ಆಂಗ್ವಿಲಾ ದ್ವೀಪದ್ದು. ಆದರೆ ಎರಡನ್ನೂ ಯಾವ ದೇಶದವರು ಬೇಕಾದರೂ ಕೊಳ್ಳಬಹುದು.

ಮುಂದಿನದು ಐಪಿ ನಕ್ಷೆ, ಅಂದರೆ ಸೈಟಿನ ಐಪಿ (ಇಂಟರ್ನೆಟ್ಟಿನಲ್ಲಿ ಯಂತ್ರಕ್ಕಿರುವ ಅಂಕಿಯ ವಿಳಾಸ) ಎಲ್ಲಿದೆ ಅಂತ ತೋರಿಸುವ ನಕ್ಷೆ. ಎಲ್ಲರೂ ಮೊದಲು ಓಡುವುದು ಇಲ್ಲಿಗೇ, ನನಗೆ ತುಂಬಾ ನಿರಾಸೆ ಆಗಿದ್ದೂ ಇಲ್ಲೇ. ನನ್ನ ಸೈಟಿನ ಸರ್ವರ್ ಎಲ್ಲಿದೆ ಅಂತ ನನಗೆ ಚೆನ್ನಾಗಿ ಗೊತ್ತು. ನಕ್ಷೆ ತೋರಿಸಿದ್ದು ಬೇರೆಯೇ ಖಂಡವನ್ನು. ಯಾಕಂದ್ರೆ ಸೈಟಿನ ಮುಂದೆ ಸಿಡಿಎನ್ (ಸೈಟನ್ನು ಹಲವು ಊರುಗಳಿಂದ ಓದುಗರಿಗೆ ತಲುಪಿಸುವ ಮಧ್ಯವರ್ತಿ ಜಾಲ) ಇದೆ. ಹೊರಗಿನವರಿಗೆ ಕಾಣುವ ಐಪಿ ಆ ಸಿಡಿಎನ್‌ನದು, ನನ್ನ ಸರ್ವರಿನದಲ್ಲ. ಅನುಮಾನದ ಲಿಂಕೂ ಹಾಗೇ ಸಿಡಿಎನ್ ಹಿಂದೆ ಅಡಗಿತ್ತು, ಅದನ್ನೂ ನಕ್ಷೆ ಸಮುದ್ರದಾಚೆ ಇಟ್ಟಿತು.

ಈ ಸುಳ್ಳನ್ನು ಹಿಡಿದುಕೊಟ್ಟದ್ದು ಪಿಂಗ್, ಅಂದರೆ ಒಂದು ಯಂತ್ರಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಹಿಡಿದ ಸಮಯ ಅಳೆಯುವ ಆಜ್ಞೆ. ಫೈಬರ್ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಹೋಗಿ ಬರಲು 1 ಮಿಲಿಸೆಕೆಂಡ್ ಹಿಡಿದರೆ ಆ ಯಂತ್ರ ಹೆಚ್ಚೆಂದರೆ 100 ಕಿಲೋಮೀಟರ್ ದೂರದಲ್ಲಿದೆ. ನನಗೆ ಉತ್ತರ ಬಂದದ್ದು 6 ಮಿಲಿಸೆಕೆಂಡಿನಲ್ಲಿ. 600 ಕಿಲೋಮೀಟರಿಗಿಂತ ಆಚೆ ಅದು ಇರೋಕೆ ಸಾಧ್ಯವೇ ಇಲ್ಲ! ಟ್ರೇಸ್‌ರೂಟ್ (ವಿಂಡೋಸ್‌ನಲ್ಲಿ ಟ್ರೇಸ್‌ಆರ್‌ಟಿ) ನಡುವಿನ ರೌಟರ್‌ಗಳನ್ನೂ ಒಂದೊಂದಾಗಿ ತೋರಿಸಿತು, ಆದರೆ ಅರ್ಧ ಸಾಲುಗಳಲ್ಲಿ ಬರೀ ನಕ್ಷತ್ರ ಚಿಹ್ನೆ, ಅಂದರೆ ಉತ್ತರವಿಲ್ಲ. ಈ ಎರಡೂ ಆಜ್ಞೆಗಳು ತಲುಪಿದ್ದು ಸಿಡಿಎನ್ ಬಾಗಿಲಿನವರೆಗೆ ಮಾತ್ರ. ಹಿಂದೆ ಯಾರಿದ್ದಾರೆ ಅನ್ನೋದು ಅಲ್ಲಿಂದ ಕಾಣಲಿಲ್ಲ.

ವೆಬ್ ಹೆಸರನ್ನು ಯಾವಾಗ, ಯಾರ ಮೂಲಕ ಕೊಂಡರು ಅಂತ ಹೇಳುವ ನೋಂದಣಿ ದಾಖಲೆ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಹಿಂದೆ ಇದಕ್ಕೆ ಹೂಈಸ್ ಅನ್ನುತ್ತಿದ್ದರು. ಡಾಟ್ ಕಾಮ್‌ನಂಥ ಹೆಸರುಗಳಿಗೆ 2025ರ ಜನವರಿಯಿಂದ ಅದರ ಬದಲಿಗೆ ಬಂದ ಆರ್‌ಡಿಎಪಿಯೇ ಅಧಿಕೃತ, ವೆಬ್ ಹೆಸರುಗಳ ಮೇಲ್ವಿಚಾರಣಾ ಸಂಸ್ಥೆಯಾದ ಐಕ್ಯಾನ್‌ನ ಲುಕಪ್ ಪುಟದಲ್ಲಿ ಉಚಿತವಾಗಿ ನೋಡಬಹುದು. 2018ರ ಮೇನಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಿಡಿಪಿಆರ್ ಜಾರಿಯಾದ ಮೇಲೆ ಮಾಲೀಕರ ಹೆಸರು ಸಾಮಾನ್ಯವಾಗಿ ಮುಚ್ಚಿರುತ್ತದೆ. ನನ್ನದೂ ಮುಚ್ಚಿದೆ. ಹೆಸರು ಕಾಣದಿದ್ದರೂ ತಾರೀಖು ಕಾಣುತ್ತದೆ. ನನ್ನ ಸೈಟು 2014ರದ್ದು ಅಂತ ಸರಿಯಾಗಿ ತೋರಿಸಿತು. ಪಾರ್ಸೆಲ್ ಲಿಂಕಿಗೆ ನಾಲ್ಕೇ ದಿನ ವಯಸ್ಸು. ಹೆಸರು ಮಾರಿದ ರಿಜಿಸ್ಟ್ರಾರ್ ಯಾರು, ದೂರು ಕೊಡಲು ಯಾವ ಇಮೇಲ್, ಅದೂ ಅಲ್ಲೇ ಇತ್ತು.

ಕೊನೆಗೆ ಸರ್ಟಿಫಿಕೇಟ್ ದಾಖಲೆ. ಬ್ರೌಸರಿನ ಬೀಗದ ಚಿಹ್ನೆಗೆ ಬೇಕಾದ, ಸೈಟು ಆ ಹೆಸರಿನದೇ ಅಂತ ಖಾತ್ರಿ ಕೊಡುವ ಸರ್ಟಿಫಿಕೇಟ್‌ಗಳು ಈಗ ಸಾರ್ವಜನಿಕ ಲಾಗ್‌ಗಳಲ್ಲಿ ದಾಖಲಾಗುತ್ತವೆ. 2018ರಿಂದ ಹೊಸ ಸರ್ಟಿಫಿಕೇಟ್‌ಗಳಿಗೆ ಕ್ರೋಮ್ ಇದನ್ನು ಕಡ್ಡಾಯ ಮಾಡಿತು. ಆ ಲಾಗ್‌ಗಳನ್ನು ಹುಡುಕಿಕೊಡುವ ಸಿಆರ್‌ಟಿ ಡಾಟ್ ಎಸ್‌ಎಚ್ ಸೈಟಿನಲ್ಲಿ ನೋಡಿದೆ. ನನ್ನ ಸೈಟಿನಲ್ಲಿ ನಾನೇ ಮರೆತಿದ್ದ ಹಳೆಯ ಪರೀಕ್ಷಾ ವಿಳಾಸವೂ ಸಿಕ್ಕಿತು. ಪಾರ್ಸೆಲ್ ಲಿಂಕಿನಲ್ಲಿ ಸಿಕ್ಕಿದ್ದು ನೋಡಿ ಮೈ ಜುಮ್ಮೆಂದಿತು. ಒಂದೇ ದಿನ ಪಡೆದ ಹದಿನೇಳು ಸರ್ಟಿಫಿಕೇಟ್‌ಗಳು, ಒಂದೊಂದರಲ್ಲೂ ಬೇರೆ ಬೇರೆ ಕೊರಿಯರ್ ಅಥವಾ ಬ್ಯಾಂಕಿನ ಹೆಸರು. ಎಷ್ಟು ಜನರಿಗೆ ಬಲೆ ಬೀಸಿದ್ದರು, ಅಲ್ವಾ?

ಹಾಗಾಗಿ ಈಗ ಮೊದಲು ಆರ್‌ಡಿಎಪಿ, ಆಮೇಲೆ ಸರ್ಟಿಫಿಕೇಟ್ ದಾಖಲೆ ನೋಡುತ್ತೇನೆ. ಐಪಿ ನಕ್ಷೆಯನ್ನು ಬಿಟ್ಟೇಬಿಟ್ಟೆ. ಆ ಹದಿನೇಳು ಸರ್ಟಿಫಿಕೇಟ್‌ಗಳ ಪಟ್ಟಿಯನ್ನು ರಿಜಿಸ್ಟ್ರಾರ್‌ನ ದೂರಿನ ಇಮೇಲ್‌ಗೆ ಕಳಿಸಿದೆ. ಎರಡು ದಿನ ಬಿಟ್ಟು ಮತ್ತೆ ಆರ್‌ಡಿಎಪಿ ನೋಡಿದಾಗ ಸ್ಟೇಟಸ್ ಸಾಲಿನಲ್ಲಿ 'ಕ್ಲೈಂಟ್ ಹೋಲ್ಡ್' ಅಂತಿತ್ತು. ಹೆಸರನ್ನು ತಡೆಹಿಡಿದಿದ್ದರು.