ಮಕ್ಕಳ ಕುಸ್ತಿ ಪಂದ್ಯಾವಳಿ: ಕಣದೊಳಗಿನ ಶಿಸ್ತು ಕಣದ ಅಂಚಿನಲ್ಲಿ ಕಾಣಲಿಲ್ಲ

ಉತ್ತರ ಕರ್ನಾಟಕದ ಜಿಲ್ಲಾ ಕೇಂದ್ರವೊಂದರ ಒಳಾಂಗಣ ಕ್ರೀಡಾಂಗಣದಲ್ಲಿ ಎರಡು ದಿನ ನಡೆದ 15 ಮತ್ತು 17 ವರ್ಷದೊಳಗಿನ ಬಾಲಕ ಬಾಲಕಿಯರ ಮ್ಯಾಟ್ ಕುಸ್ತಿ ಪಂದ್ಯಾವಳಿಯನ್ನು ಸ್ಪರ್ಧಿಯೊಬ್ಬನ ಸೋದರಮಾವನಾಗಿ ಗ್ಯಾಲರಿಯಲ್ಲಿ ಕುಳಿತು ನೋಡಿದೆ. ಪಂದ್ಯಾವಳಿಯೂ ಒಂದು ಸೇವೆಯೇ. ಪ್ರವೇಶ ಶುಲ್ಕ ಪಡೆದು ಮಕ್ಕಳನ್ನು ನೋಂದಾಯಿಸಿಕೊಂಡು, ದೂರದ ಹಳ್ಳಿಗಳಿಂದ ಪೋಷಕರನ್ನು ಕರೆಸಿಕೊಳ್ಳುವ ಸಂಘಟಕರು ಅವರಿಗೆ ಏನನ್ನು ಒದಗಿಸಿದರು ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕುಸ್ತಿಯ ಗುಣಮಟ್ಟಕ್ಕೆ ನಾನು ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಕೋಚ್‌ಗಳೂ ಪ್ರೇಕ್ಷಕರೂ ಪರಸ್ಪರ ನಡೆದುಕೊಂಡ ರೀತಿಗೆ ಎರಡೂವರೆಗಿಂತ ಹೆಚ್ಚು ಕೊಡಲಾರೆ, ಮತ್ತು ಆ ಕಡಿತದ ಬಹುಪಾಲು ಸಂಘಟಕರ ಖಾತೆಗೇ ಸೇರುತ್ತದೆ. ಸೌಜನ್ಯವನ್ನು ಜನರ ಸ್ವಭಾವಕ್ಕೆ ಬಿಟ್ಟು, ಅದು ಉಳಿಯಲು ಬೇಕಾದ ಹಗ್ಗ, ಕುರ್ಚಿ, ಮೈಕುಗಳ ಬಗ್ಗೆ ಯೋಚಿಸದೆ ಹೋದವರು ಅವರು.

ಮೊದಲು ನೋಟದ ವಿಷಯ. ಕುಸ್ತಿಯ ಮ್ಯಾಟು ಒಂದೊಂದು ಬದಿಗೆ 12 ಮೀಟರ್ ಇರುವ ಚೌಕ. ಅದರೊಳಗೆ 9 ಮೀಟರ್ ವ್ಯಾಸದ ವೃತ್ತದಲ್ಲಿ ಪಂದ್ಯ ನಡೆಯುತ್ತದೆ, ಉಳಿದದ್ದು ರಕ್ಷಣೆಯ ಅಂಚು. ಕೆಂಪು ಮತ್ತು ನೀಲಿ ಮೂಲೆಗಳು ಕರ್ಣದ ಎರಡು ತುದಿಗಳಲ್ಲಿ ಇರುತ್ತವೆ ಮತ್ತು ಆಯಾ ಹುಡುಗನ ಕೋಚ್ ಆಯಾ ಮೂಲೆಯಲ್ಲಿ ಇರುತ್ತಾರೆ. ಇಲ್ಲಿ ಎರಡು ಮ್ಯಾಟುಗಳನ್ನು ಪಕ್ಕಪಕ್ಕದಲ್ಲಿ ಹಾಸಿದ್ದರಿಂದ ಗ್ಯಾಲರಿಯ ಮೊದಲ ಮೆಟ್ಟಿಲಿಗೂ ಮ್ಯಾಟಿನ ಅಂಚಿಗೂ ನಡುವೆ ಇಬ್ಬರು ಒಟ್ಟಿಗೆ ನಡೆಯುವಷ್ಟು ಜಾಗ ಮಾತ್ರ ಉಳಿದಿತ್ತು. ಕೋಚ್‌ಗಳಿಗೆ ಇಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳು ಬೆಳಗಿನ ಮೊದಲ ಕೆಲವು ಕುಸ್ತಿಗಳ ನಂತರ ಬ್ಯಾಗು, ನೀರಿನ ಬಾಟಲಿ, ಟವೆಲುಗಳನ್ನು ಇಡುವ ಸ್ಥಳವಾದವು. ಕೋಚ್‌ಗಳು ನಿಂತರು. ಅವರು ನಿಂತ ಕೂಡಲೇ ಅವರ ಹಿಂದಿನ ಮೂರು ನಾಲ್ಕು ಸಾಲುಗಳಲ್ಲಿ ಕುಳಿತವರಿಗೆ ವೃತ್ತದ ಅರ್ಧಭಾಗ ಮರೆಯಾಯಿತು. 15 ವರ್ಷದೊಳಗಿನವರ ಕುಸ್ತಿ ಎರಡೆರಡು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ವಿರಾಮ. ಬಸ್ಸು ಬದಲಿಸಿಕೊಂಡು ಬಂದ ತಾಯಿಯೊಬ್ಬಳಿಗೆ ಮಗನ ಆಟ ಕಾಣುವುದು ಇಷ್ಟೇ ಹೊತ್ತು. ಅದರಲ್ಲಿ ಅರ್ಧ ಯಾರದೋ ಬೆನ್ನಿನ ದರ್ಶನವಾದರೆ ಆಕೆಗೆ ಸಿಟ್ಟು ಬರುವುದು ಸಹಜ.

"ಸರ, ಸ್ವಲ್ಪ ಕುಂದರ್ರಿ, ನಮ್ಮ ಹುಡುಗನ ಕುಸ್ತಿ ಕಾಣವಲ್ದು" ಎಂಬ ಮಾತು ಎರಡೂ ದಿನ ಗ್ಯಾಲರಿಯಿಂದ ಕೇಳಿಬರುತ್ತಲೇ ಇತ್ತು. ಮೊದಲ ಸಲ ಅದನ್ನು ವಿನಯದಿಂದಲೇ ಹೇಳುತ್ತಿದ್ದರು. ಎರಡನೆಯ ಸಲ ದನಿ ಏರುತ್ತಿತ್ತು, ಮೂರನೆಯ ಸಲಕ್ಕೆ "ಸರ" ಬಿದ್ದುಹೋಗುತ್ತಿತ್ತು. ಕೆಲವು ಕೋಚ್‌ಗಳು ಹಿಂತಿರುಗಿ ಕೈ ಎತ್ತಿ "ತಡ್ರಿ ಅಣ್ಣಾರ, ಒಂದ ನಿಮಿಷ" ಎಂದರು. ಒಬ್ಬರು ಮಾತ್ರ, ನರೆತ ಕೂದಲಿನ, ಗರಡಿಯಲ್ಲಿ ಪಳಗಿದ ಮೈಕಟ್ಟಿನ ವಸ್ತಾದರು, ಯಾರೂ ಹೇಳುವ ಮುನ್ನವೇ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಇಡೀ ಕುಸ್ತಿಯನ್ನು ಹಾಗೆಯೇ ನಡೆಸಿಕೊಟ್ಟರು. ಅವರ ಮೂಲೆಯ ಹಿಂದೆ ಜಗಳವೇ ಹುಟ್ಟಲಿಲ್ಲ. ಹುಡುಗನ ಕಣ್ಣಿಗೆ ಹತ್ತಿರದಲ್ಲಿ, ನೆಲಮಟ್ಟದಲ್ಲಿ ಇರುವ ಕೋಚ್‌ನ ಮಾತು ಅವನಿಗೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ ಎಂಬುದೂ ಅಲ್ಲಿ ಗಮನಕ್ಕೆ ಬಂತು. ಮೊಣಕಾಲಿನ ನೋವಿರುವ ಕೋಚ್‌ಗಳಿಂದ ಅದನ್ನು ನಿರೀಕ್ಷಿಸಲಾಗದು, ಒಪ್ಪುತ್ತೇನೆ. ಕುರ್ಚಿ ಇರುವುದು ಅವರಿಗಾಗಿಯೇ.

ನಿಯಮ ಈ ವಿಷಯದಲ್ಲಿ ಸುಮ್ಮನಿಲ್ಲ. ವಿಶ್ವ ಕುಸ್ತಿ ಸಂಸ್ಥೆಯ ನಿಯಮಾವಳಿಯ ಪ್ರಕಾರ ಕೋಚ್ ಮ್ಯಾಟಿನ ಅಂಚಿನಿಂದ ಕನಿಷ್ಠ ಎರಡು ಮೀಟರ್ ದೂರದಲ್ಲಿ ಇರಬೇಕು. ತನ್ನ ಪೈಲ್ವಾನನೊಂದಿಗೆ ಮಾತಾಡಬಹುದೇ ಹೊರತು ತೀರ್ಪಿನ ಮೇಲೆ ಒತ್ತಡ ತರುವಂತಿಲ್ಲ, ತೀರ್ಪುಗಾರರನ್ನು ನಿಂದಿಸುವಂತಿಲ್ಲ. ಮೀರಿದರೆ ಹಳದಿ ಕಾರ್ಡು, ಮತ್ತೆ ಮೀರಿದರೆ ಕೆಂಪು ಕಾರ್ಡು ತೋರಿಸಿ ಮೂಲೆಯಿಂದ ಕಳಿಸುವ ಅಧಿಕಾರ ರೆಫರಿಗೆ ಇದೆ. ಈ ಪಂದ್ಯಾವಳಿಯಲ್ಲಿ ನನ್ನ ಕಣ್ಣಿಗೆ ಒಂದು ಕಾರ್ಡೂ ಬೀಳಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ರೆಫರಿಗಳಲ್ಲಿ ಬಹಳಷ್ಟು ಮಂದಿ ಯುವಕರು, ಮೂಲೆಯಲ್ಲಿ ನಿಂತವರು ಅವರಿಗಿಂತ ಹಿರಿಯರು, ಕೆಲವರು ಅವರಿಗೇ ಪಟ್ಟು ಹೇಳಿಕೊಟ್ಟವರು. ಗುರುವಿಗೆ ಹಳದಿ ಕಾರ್ಡು ತೋರಿಸಲು ನಮ್ಮ ಗರಡಿ ಸಂಸ್ಕೃತಿಯಲ್ಲಿ ಯಾವ ಶಿಷ್ಯನ ಕೈಯೂ ಸುಲಭವಾಗಿ ಮೇಲೇಳದು. ಆದರೆ ಪೋಷಕರು ನೋಡುತ್ತಿರುವುದು ಅದನ್ನೇ. ಕೋಚ್ ಮ್ಯಾಟಿನ ಅಂಚಿಗೆ ಬಂದು ರೆಫರಿಗೆ ಕೈ ಬೀಸಿದರೂ ಏನೂ ಆಗುವುದಿಲ್ಲ ಎಂದಾದರೆ, ತಾವೇಕೆ ಗ್ಯಾಲರಿಯಲ್ಲಿ ಸುಮ್ಮನೆ ಕೂರಬೇಕು ಎಂದು ಅವರಿಗೆ ಅನಿಸುತ್ತದೆ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಆದದ್ದೂ ಅದೇ. ಮೊಬೈಲು ಹಿಡಿದ ತಂದೆಯರು ಒಬ್ಬೊಬ್ಬರಾಗಿ ಇಳಿದು ಬಂದು ಮ್ಯಾಟಿನ ಸುತ್ತ ಬೇಲಿ ಕಟ್ಟಿದಂತೆ ನಿಂತರು, ಈಗ ಕೋಚ್‌ಗಳೇ ಅವರ ನಡುವಿನಿಂದ ಇಣುಕಬೇಕಾಯಿತು. ಒಂದು ಹಗ್ಗ ಕಟ್ಟಿದ್ದರೆ ಇದು ತಪ್ಪುತ್ತಿತ್ತು. ಎರಡನೆಯ ದಿನ ಬೆಳಿಗ್ಗೆ ಹಗ್ಗ ಬಂತು, ಆದರೆ ಒಂದು ಮ್ಯಾಟಿಗೆ ಮಾತ್ರ.

ಪ್ರೇಕ್ಷಕರ ಪಾಲಿನ ದೋಷವನ್ನೂ ಹೇಳಬೇಕು, ಏಕೆಂದರೆ ಮಗುವಿಗೆ ನೇರವಾಗಿ ತಟ್ಟುವುದು ಅದು. ಮೂಲೆಯಲ್ಲಿ ಕೋಚ್ "ಕಾಲು ಬಿಡು, ಮೇಲೆ ಬಾ" ಎನ್ನುತ್ತಿರುವಾಗ ಗ್ಯಾಲರಿಯಲ್ಲಿ ತಂದೆ "ಕಾಲ ಹಿಡಿ, ಬಿಡಬ್ಯಾಡ" ಎಂದು ಕೂಗಿದರೆ ಹದಿಮೂರರ ಹುಡುಗ ಯಾರ ಮಾತು ಕೇಳಬೇಕು? ಅವನು ತಲೆ ಎತ್ತಿ ಗ್ಯಾಲರಿಯತ್ತ ನೋಡುತ್ತಾನೆ, ಆ ಒಂದು ಕ್ಷಣದಲ್ಲಿ ಎದುರಾಳಿ ಬೆನ್ನ ಹಿಂದೆ ಬಂದು ಎರಡು ಪಾಯಿಂಟ್ ಪಡೆಯುತ್ತಾನೆ. ಇಂಥದ್ದನ್ನು ಹಲವು ಕುಸ್ತಿಗಳಲ್ಲಿ ಕಂಡೆ. ಒಬ್ಬ ಕೋಚ್ ಇದನ್ನು ನಿಭಾಯಿಸಿದ ರೀತಿ ನೆನಪಿಡುವಂಥದ್ದು: ವಿರಾಮದ 30 ಸೆಕೆಂಡಿನಲ್ಲಿ ಹುಡುಗನಿಗೆ ನೀರು ಕೊಟ್ಟು, ಗ್ಯಾಲರಿಯತ್ತ ತಿರುಗಿ ಎರಡೂ ಕೈ ಜೋಡಿಸಿ, "ಯಜಮಾನ್ರ, ಈ ಎರಡ ನಿಮಿಷ ನನಗ ಬಿಡ್ರಿ, ಆಮ್ಯಾಲ ನೀವು ಹೇಳಿದ್ದೆಲ್ಲಾ ಕೇಳ್ತೀನಿ" ಎಂದರು. ತಂದೆ ಕುಳಿತರು. ಹುಡುಗ ಸೋತ, ಆದರೂ ಕುಸ್ತಿ ಮುಗಿದ ಮೇಲೆ ಆ ಕೋಚ್ ಮಾತಿಗೆ ತಪ್ಪದೆ ಗ್ಯಾಲರಿಯ ಮೆಟ್ಟಿಲಿಗೆ ಹೋಗಿ ತಂದೆಯ ಪಕ್ಕದಲ್ಲಿ ಕುಳಿತು ಮಾತಾಡಿದರು.

ತಂದೆತಾಯಿಗಳ ತಳಮಳಕ್ಕೆ ಕಾರಣವಿದೆ ಎಂಬುದನ್ನೂ ಮರೆಯಲಾಗದು. ದಾವಣಗೆರೆ, ಹಳಿಯಾಳಗಳಲ್ಲಿ ಕುಸ್ತಿಗೆ ಸರ್ಕಾರದ ಕ್ರೀಡಾ ವಸತಿ ನಿಲಯಗಳಿವೆ, ಅಲ್ಲಿ ಸೀಟು ಸಿಕ್ಕರೆ ಮಗನ ಊಟ, ಓದು, ತಾಲೀಮು ಮೂರಕ್ಕೂ ದಾರಿಯಾಗುತ್ತದೆ. ಬಾಗಲಕೋಟೆಯ ಅರ್ಜುನ್ ಹಲಕುರ್ಕಿ 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನ 55 ಕೆ.ಜಿ. ಗ್ರೀಕೋ ರೋಮನ್ ವಿಭಾಗದಲ್ಲಿ ಕಂಚು ಗೆದ್ದದ್ದನ್ನು ನನ್ನ ಪಕ್ಕದಲ್ಲಿ ಕುಳಿತ ರೈತರೊಬ್ಬರು ನಿನ್ನೆ ನಡೆದದ್ದೆಂಬಂತೆ ವಿವರಿಸಿದರು. ಇಷ್ಟು ದೊಡ್ಡ ಆಸೆಯನ್ನು ಇಟ್ಟುಕೊಂಡವರಿಗೆ ಸುಮ್ಮನೆ ಕುಳಿತುಕೊಳ್ಳಿ ಎನ್ನುವುದು ಸುಲಭ, ಹಾಗೆ ಕೂರುವುದು ಅವರಿಗೆ ಕಷ್ಟ.

ಗದ್ದಲವನ್ನೇ ಅಸೌಜನ್ಯ ಎಂದು ಕರೆಯುವವರ ಪೈಕಿ ನಾನಲ್ಲ. ಜಾತ್ರೆಯ ಜಂಗಿ ನಿಕಾಲಿ ಕುಸ್ತಿಗಳಲ್ಲಿ, ಅಂದರೆ ಸೋಲು ಗೆಲುವು ತೀರ್ಮಾನವಾಗುವವರೆಗೂ ನಡೆಯುವ ಮಣ್ಣಿನ ಕುಸ್ತಿಗಳಲ್ಲಿ, ಹಲಗೆ ವಾದ್ಯದ ಸದ್ದು, ಶಿಳ್ಳೆ, ಕೇಕೆ ಇಲ್ಲದಿದ್ದರೆ ಪೈಲ್ವಾನನಿಗೇ ಹುರುಪು ಬರುವುದಿಲ್ಲ. ಅಲ್ಲಿ ಸೋತವನು ಚೆನ್ನಾಗಿ ಕಾದಾಡಿದನೆಂದು ಎದುರು ಪಕ್ಷದವರೇ ಅವನ ಕೈಗೆ ನೋಟು ಇಡುವುದನ್ನೂ ನೋಡಿದ್ದೇನೆ. ಕೂಗಿನಲ್ಲಿ ಹೆಸರು ಹಿಡಿದು ಎದುರಾಳಿ ಹುಡುಗನನ್ನು, ಅವನ ಊರನ್ನು ಹೀಯಾಳಿಸಿದಾಗ ಮಾತ್ರ ಗೆರೆ ದಾಟಿದಂತಾಗುತ್ತದೆ. ಬಾಲಕಿಯರ ಕುಸ್ತಿಯ ಹೊತ್ತಿಗೆ ಮೇಲಿನ ಸಾಲಿನ ಕೆಲವು ಹುಡುಗರು ಆಡಿದ ಮಾತುಗಳು ಅದಕ್ಕಿಂತ ಕೀಳು. ಮೈಸೂರು ದಸರೆಯಲ್ಲಿ ಮಹಿಳೆಯರಿಗೆ ದಸರಾ ಕಿಶೋರಿ ಪ್ರಶಸ್ತಿ ಇರುವ ಈ ಕಾಲದಲ್ಲಿ ಅದನ್ನು ಕೇಳಿಸಿಕೊಳ್ಳಬೇಕಾಗಿ ಬಂದದ್ದಕ್ಕೆ ನಾಚಿಕೆಯಾಯಿತು. ಅವರನ್ನು ಸುಮ್ಮನಾಗಿಸಿದ್ದು ಸಂಘಟಕರಲ್ಲ, ಎರಡೂ ಮೂಲೆಗಳ ಕೋಚ್‌ಗಳು. ಇಬ್ಬರೂ ಒಟ್ಟಿಗೆ ಗ್ಯಾಲರಿಯ ಕಡೆ ನಡೆದರು, ಅವರು ಮೆಟ್ಟಿಲು ಹತ್ತುವ ಮುನ್ನವೇ ಮೇಲಿನ ಸಾಲು ಖಾಲಿಯಾಯಿತು.

ಈ ಪಂದ್ಯಾವಳಿಯ ಅತ್ಯುತ್ತಮ ಸುಧಾರಣೆ ಎರಡನೆಯ ದಿನ ಮೈಕಿನಿಂದ ಬಂತು. ಮೊದಲ ದಿನ ನಿರೂಪಕರು ಹೆಸರು, ತೂಕ, ಊರುಗಳನ್ನು ಓದಿ ಸುಮ್ಮನಾಗುತ್ತಿದ್ದರು. ಗ್ಯಾಲರಿಯಲ್ಲಿದ್ದ ಹಿರಿಯರಲ್ಲಿ ಬಹುಪಾಲು ಮಣ್ಣಿನ ಕುಸ್ತಿ ಬಲ್ಲವರು. ಅವರ ಲೆಕ್ಕದಲ್ಲಿ ಎರಡೂ ಭುಜ ನೆಲಕ್ಕೆ ತಾಗಿ ಚಿತ್ ಆದರೆ ಸೋಲು, ಇಲ್ಲವಾದರೆ ಕುಸ್ತಿ ಇನ್ನೂ ಉಂಟು. ಫ್ರೀಸ್ಟೈಲಿನಲ್ಲಿ ಹತ್ತು ಪಾಯಿಂಟಿನ ಅಂತರ ಬಂದ ಕೂಡಲೇ ರೆಫರಿ ಸೀಟಿ ಊದಿ ಕುಸ್ತಿ ನಿಲ್ಲಿಸಿದಾಗ, ಚಿತ್ ಆಗದ ಹುಡುಗನನ್ನು ಸೋಲಿಸಿದರೆಂದು ಅವರು ಎದ್ದು ನಿಂತರು. ಕಾಲು ವೃತ್ತದ ಹೊರಗೆ ಹೋದದ್ದಕ್ಕೆ ಎದುರಾಳಿಗೆ ಒಂದು ಪಾಯಿಂಟ್ ಕೊಟ್ಟಾಗಲೂ ಅದೇ ಕೂಗು. ತಮ್ಮ ಹುಡುಗನಿಗೆ ಮೋಸವಾಯಿತೆಂದು ನಂಬಿದ ಅವರು ಮೊದಲು ಹರಿಹಾಯ್ದದ್ದು ತಮ್ಮದೇ ಕೋಚ್ ಮೇಲೆ: ನೀವು ಯಾಕೆ ಕೇಳಲಿಲ್ಲ? ಮರುದಿನ ಬೇರೆ ನಿರೂಪಕರು ಬಂದರು. ಅವರು ಪ್ರತಿ ಬಾರಿ ಪಾಯಿಂಟ್ ಬಿದ್ದಾಗಲೂ ಒಂದೇ ವಾಕ್ಯದಲ್ಲಿ ಕಾರಣ ಹೇಳಿದರು, ಅದೂ ಜನರ ಮಾತಿನಲ್ಲಿ: ಭಾರಂದಾಜ್ ಪಟ್ಟು ಹಾಕಿ ಉರುಳಿಸಿದ್ದಕ್ಕೆ ಎರಡು, ಗೆರೆ ದಾಟಿದ್ದಕ್ಕೆ ಒಂದು, ಹತ್ತರ ಅಂತರವಾದ್ದರಿಂದ ಕುಸ್ತಿ ಮುಗಿಯಿತು. ತಕರಾರುಗಳು ಎದ್ದು ಕಾಣುವಂತೆ ಇಳಿದವು. ಹಣ ಖರ್ಚಾಗದ ಈ ಉಪಾಯ ಮೊದಲ ದಿನವೇ ಏಕೆ ಹೊಳೆಯಲಿಲ್ಲವೋ.

ವಿಡಿಯೊ ಮರುಪರಿಶೀಲನೆ ಇರಲಿಲ್ಲ. ದೊಡ್ಡ ಪಂದ್ಯಾವಳಿಗಳಲ್ಲಿ ತೀರ್ಪು ಒಪ್ಪದ ಕೋಚ್ ಮೆತ್ತನೆಯ ಸ್ಪಂಜಿನ ತುಂಡನ್ನು ಮ್ಯಾಟಿನ ಮೇಲೆ ಎಸೆದು ಪ್ರಶ್ನಿಸಬಹುದು. ವಿಡಿಯೊ ನೋಡಿದ ಮೇಲೆ ಅವರ ವಾದ ಬಿದ್ದುಹೋದರೆ ಎದುರಾಳಿಗೆ ಒಂದು ಪಾಯಿಂಟ್ ಹೋಗುತ್ತದೆ, ಮತ್ತೆ ಪ್ರಶ್ನಿಸುವ ಹಕ್ಕೂ ಇರುವುದಿಲ್ಲ. ಸಿಟ್ಟಿಗೆ ಒಂದು ದಾರಿ ಮತ್ತು ಒಂದು ಬೆಲೆ ಎರಡನ್ನೂ ಕೊಡುವ ಜಾಣ ಏರ್ಪಾಡು ಅದು. ಜಿಲ್ಲಾ ಮಟ್ಟದ ಸಂಘಕ್ಕೆ ಆ ಉಪಕರಣಗಳ ಖರ್ಚು ಭಾರವೆಂದು ಒಪ್ಪೋಣ. ಆದರೂ ತೀರ್ಪಿನ ಬಗ್ಗೆ ಕೇಳಬೇಕಾದ ಕೋಚ್ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು, ಪೋಷಕರು ತಮ್ಮ ದೂರನ್ನು ಯಾರ ಮೂಲಕ ತಲುಪಿಸಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬಹುದಿತ್ತು. ಅದಿಲ್ಲದ್ದರಿಂದ ಎಲ್ಲರೂ ತೀರ್ಪುಗಳ ಮೇಲ್ವಿಚಾರಣೆ ನೋಡಿಕೊಳ್ಳುವ ಮ್ಯಾಟ್ ಮುಖ್ಯಸ್ಥರ ಮೇಜಿಗೇ ಮುತ್ತಿಕೊಂಡರು.

ಮನಸ್ಸು ತುಂಬಿದ್ದು ಮಕ್ಕಳ ನಡತೆಯಿಂದ. ಕುಸ್ತಿ ಮುಗಿದ ಮೇಲೆ ಇಬ್ಬರೂ ಪರಸ್ಪರ ಕೈ ಕುಲುಕಿ, ರೆಫರಿಯ ಕೈ ಕುಲುಕಿ, ನಂತರ ಎದುರಾಳಿಯ ಮೂಲೆಗೆ ಹೋಗಿ ಅಲ್ಲಿನ ಕೋಚ್‌ಗೂ ಕೈ ಕೊಡುವ ಪದ್ಧತಿ ಇದೆ. ಇಲ್ಲಿನ ಮಕ್ಕಳು ಕೈ ಕೊಡುವುದರ ಜತೆಗೆ ಬಗ್ಗಿ ಕಾಲು ಮುಟ್ಟಿದರು. ಅಳುತ್ತಲೇ ಬಂದ ಒಬ್ಬ ಹುಡುಗನನ್ನು ಗೆದ್ದವನ ಕೋಚ್ ತಬ್ಬಿಕೊಂಡು, ಅವನ ಕಿವಿಯಲ್ಲಿ ಏನೋ ಹೇಳಿ, ಬೆನ್ನು ತಟ್ಟಿ ಕಳಿಸಿದರು. ಅಷ್ಟು ಹೊತ್ತು ಆ ಕೋಚ್ ಅನ್ನು ಬೈಯುತ್ತಿದ್ದ ಸಾಲಿನಿಂದಲೇ ಚಪ್ಪಾಳೆ ಬಂತು.

ಉಳಿದ ಸೌಕರ್ಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೂಕ ತೆಗೆದುಕೊಳ್ಳುವ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯಿತು, ಮಧ್ಯಾಹ್ನ ರೊಟ್ಟಿ, ಪಲ್ಯ, ಅನ್ನ, ಸಾರು ಎಲ್ಲರಿಗೂ ಸಾಕಷ್ಟಿತ್ತು, ಮ್ಯಾಟುಗಳನ್ನು ಆಗಾಗ ಒರೆಸುತ್ತಿದ್ದರು. ಮಹಿಳೆಯರ ಶೌಚಾಲಯಕ್ಕೆ ನೀರು ಮಾತ್ರ ಎರಡನೆಯ ದಿನವೂ ಬರಲಿಲ್ಲ.

ಮಕ್ಕಳನ್ನು ಈ ಪಂದ್ಯಾವಳಿಗೆ ಕಳಿಸಬಹುದೇ ಎಂದು ಕೇಳಿದರೆ, ಖಂಡಿತ ಕಳಿಸಬಹುದು. ಜೋಡಿಗಳು ಸಮವಾಗಿರುತ್ತವೆ, ರೆಫರಿಗಳಿಗೆ ನಿಯಮ ಗೊತ್ತಿದೆ, ಯಾವ ಹುಡುಗನಿಗೂ ಅಪಾಯವಾಗುವಂಥ ಅಜಾಗರೂಕತೆ ಕಾಣಲಿಲ್ಲ. ಸಂಘಟಕರು ಮುಂದಿನ ಸಲ ಎರಡೂ ಮ್ಯಾಟಿಗೆ ಹಗ್ಗ ಕಟ್ಟಿ, ಕೋಚ್‌ಗಳಿಗೆ ತಗ್ಗಿನ ಸ್ಟೂಲು ಹಾಕಿ, ಚೀಲಗಳಿಗೆ ಬೇರೆ ಬೆಂಚು ಕೊಟ್ಟು, ಎರಡನೆಯ ದಿನದ ನಿರೂಪಕರನ್ನೇ ಎರಡೂ ದಿನ ಕರೆಸಿದರೆ ಅಂಕ ನಾಲ್ಕಕ್ಕೆ ಏರುತ್ತದೆ. ಬೆಳಗಿನ ಸಭೆಯಲ್ಲಿ ಹಿರಿಯ ವಸ್ತಾದರೊಬ್ಬರೇ ಎದ್ದು, ತಪ್ಪಿದರೆ ನನಗೂ ಕಾರ್ಡು ತೋರಿಸಿ ಎಂದು ಯುವ ರೆಫರಿಗಳಿಗೆ ಹೇಳಿದರೆ ಇನ್ನೂ ಅರ್ಧ ಅಂಕ. ನೋಡಲು ಹೋಗುವವರು ಕೆಂಪು, ನೀಲಿ ಮೂಲೆಗಳ ಹಿಂದಿನ ಸಾಲುಗಳನ್ನು ಬಿಟ್ಟು, ಮ್ಯಾಟ್ ಮುಖ್ಯಸ್ಥರ ಮೇಜಿನ ಹಿಂದೆ ಐದನೆಯ ಸಾಲಿಗಿಂತ ಮೇಲೆ ಜಾಗ ಹಿಡಿಯುವುದು ಒಳ್ಳೆಯದು. ಅಲ್ಲಿರುವ ಅಧಿಕಾರಿಗಳು ಕುರ್ಚಿ ಬಿಟ್ಟು ಏಳುವುದಿಲ್ಲ.